ಸುರುಳಿ ಸುತ್ತಿದ ದಾರಿ

ಬಸ್ ಟಿಕೆಟ್ಟಿನ ಮೇಲೆ ಉಗುರಿನಿಂದ ಜೋರಾಗಿ ಗೀರಿ ನೋಡಿ. ಕಪ್ಪು ಗೆರೆ ಮೂಡುತ್ತದೆ. ಶಾಯಿ ಎಲ್ಲಿಂದಲೂ ಬಂದಿಲ್ಲ. ಉಜ್ಜಿದ ಬಿಸಿಗೆ ಕಾಗದದ ಲೇಪವೇ ಕಪ್ಪಾಗಿದೆ. ಕಂಡಕ್ಟರ್ ಕೈಯಲ್ಲಿರುವ ಯಂತ್ರ ಮಾಡುವುದೂ ಇದನ್ನೇ. ಅದರೊಳಗೆ ಒಂದೇ ಸಾಲಿನಲ್ಲಿ ಕೂತ ಚುಕ್ಕೆಯಷ್ಟು ಭಾಗಗಳು ಬಿಸಿಯಾಗಿ ಆರುತ್ತಿರುತ್ತವೆ, ಕಾಗದ ಅವುಗಳಿಗೆ ತಾಗಿಕೊಂಡು ಸರಿಯುತ್ತಾ ಹೋಗುತ್ತದೆ.

ಅಂಗಡಿ ಬಿಲ್ಲಿನ 80 ಮಿ.ಮೀ. ರೋಲ್‌ನಲ್ಲಿ ಅಚ್ಚಾಗುವ ಅಗಲ ಸಾಮಾನ್ಯವಾಗಿ 72 ಮಿ.ಮೀ. ಮಿಲಿಮೀಟರಿಗೆ 8 ಚುಕ್ಕೆಯಂತೆ ಅಡ್ಡಕ್ಕೆ 576. ಅದಕ್ಕಿಂತ ಒಂದು ಚುಕ್ಕೆಯೂ ಹೆಚ್ಚು ಸಿಗುವುದಿಲ್ಲ. ಉದ್ದಕ್ಕೆ ಮಾತ್ರ ರೋಲ್ ಮುಗಿಯುವವರೆಗೂ ತಡೆಯಿಲ್ಲ. ದಾರಿ ತೋರುವ ನಕ್ಷೆಗೆ ಇದಕ್ಕಿಂತ ಒಪ್ಪುವ ಕಾಗದ ಬೇರೆ ಇಲ್ಲ ಎಂದೇ ನನ್ನ ನಂಬಿಕೆ. 1:50,000 ಪ್ರಮಾಣದಲ್ಲಿ, ಅಂದರೆ ನಕ್ಷೆಯ 1 ಸೆಂ.ಮೀ.ಗೆ ನೆಲದ ಅರ್ಧ ಕಿ.ಮೀ.ನಂತೆ, 100 ಕಿ.ಮೀ. ದಾರಿಗೆ 2 ಮೀಟರ್ ಕಾಗದ ಸಾಕು. ದಾರಿಯ ಎರಡೂ ಮಗ್ಗುಲಿನಲ್ಲಿ 1.8 ಕಿ.ಮೀ.ವರೆಗಿನ ಊರು, ಕೆರೆ, ಹಳ್ಳಗಳೂ ಕಾಣುತ್ತವೆ. ಸೈಕಲ್ಲಿನಲ್ಲಿ ಹೋಗುವವರಿಗೆ ಇನ್ನೇನು ಬೇಕು?

ಈ ಬಗೆಯ ನಕ್ಷೆ ಹುಟ್ಟಿದ ಕಾಲಕ್ಕೆ ಇಂಥ ಕಾಗದ ಇರಲಿಲ್ಲ. 1675ರಲ್ಲಿ ಜಾನ್ ಓಗಿಲ್ಬಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 7,500 ಮೈಲಿ ರಸ್ತೆಗಳನ್ನು 100 ಹಾಳೆಗಳಲ್ಲಿ, ಮೈಲಿಗೆ 1 ಅಂಗುಲದಂತೆ ಅಚ್ಚು ಹಾಕಿಸಿದ. ರಸ್ತೆ ಅಳೆದದ್ದು ಗಾಲಿ ಉರುಳಿಸಿ. ಹಾಳೆಯೋ ಚಪ್ಪಟೆ, ಗಿಡ್ಡ. ಹಾಗಾಗಿ ಅದರ ಮೇಲೆ ಪಕ್ಕಪಕ್ಕದಲ್ಲಿ ಸುರುಳಿಪಟ್ಟಿಗಳ ಚಿತ್ರ ಬರೆಸಿ, ರಸ್ತೆಯನ್ನು ಅವುಗಳೊಳಗೆ ಕೂರಿಸಿದ. ಕೆಳಗಿನಿಂದ ಮೇಲಕ್ಕೆ ಓದುತ್ತಾ ಹೋಗಬೇಕು. ಏರುವ ಕಡೆ ಗುಡ್ಡ ನೆಟ್ಟಗಿದೆ, ಇಳಿಯುವ ಕಡೆ ತಲೆಕೆಳಗಾಗಿದೆ! ನಡೆಯುವವನ ಕಾಲಿಗೆ ತಿಳಿಯುವುದನ್ನು ಕಣ್ಣಿಗೆ ತಿಳಿಸಿದ ಈ ಉಪಾಯ ನನಗೆ ಬಲು ಇಷ್ಟ.

1866ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕಲೋನಿ, ಫೇರ್‌ಚೈಲ್ಡ್ ಎಂಬವರು ಇಡೀ ಮಿಸಿಸಿಪ್ಪಿ ನದಿಯನ್ನು ಸುಮಾರು 7 ಸೆಂ.ಮೀ. ಅಗಲ, 11 ಅಡಿ ಉದ್ದದ ಪಟ್ಟಿಗೆ ಇಳಿಸಿದರು. ಆ ಹೊತ್ತಿಗೆ ಉದ್ದ ಕಾಗದ ತಯಾರಿಸುವ ಯಂತ್ರಗಳೇನೋ ಬಂದಿದ್ದವು. ಆದರೆ ಆ ನಕ್ಷೆಯದು ಕಲ್ಲಚ್ಚು, ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಒತ್ತುವಂಥದ್ದು; ಕಲ್ಲು ಅಷ್ಟು ಉದ್ದ ಇರಲಾರದಲ್ಲ! ಹಾಳೆಯಲ್ಲಿ ಅಚ್ಚು ಹಾಕಿ, ಪಟ್ಟಿಗಳಾಗಿ ಕತ್ತರಿಸಿ, ತುದಿಗೆ ತುದಿ ಸೇರಿಸಿ ಬಟ್ಟೆಗೆ ಅಂಟಿಸಿದರು. ಹಬೆದೋಣಿಯ ಪ್ರಯಾಣಿಕ ಪುಟ್ಟ ಹಿಡಿಕೆ ತಿರುಗಿಸಿದರೆ ನದಿ ಬಿಚ್ಚಿಕೊಳ್ಳುತ್ತಿತ್ತು.

ಈಗ ಕತ್ತರಿ, ಗೋಂದು ಬೇಡ. ತೊಡಕಿರುವುದು ತಿರುವುಗಳಲ್ಲಿ. ಅಚ್ಚು ಹಾಕುವ ಮೊದಲೇ ದಾರಿಯನ್ನು ತುಂಡುಮಾಡಿ ಪ್ರತಿ ತುಂಡನ್ನೂ ರೋಲ್‌ನ ನೇರಕ್ಕೆ ತಿರುಗಿಸಬೇಕು. ಆಗ ತಿರುವಿನ ಒಳಮಗ್ಗುಲಿನ ಜಾಗ ಎರಡು ಸಲ ಅಚ್ಚಾಗುತ್ತದೆ. ಹೊರಮಗ್ಗುಲಿನಲ್ಲಿ ಬೆಣೆಯಾಕಾರದ ಜಾಗ ನಕ್ಷೆಯಿಂದಲೇ ಬಿಟ್ಟುಹೋಗುತ್ತದೆ. ಎಡಕ್ಕೆ ಕಂಡ ಒಂದೇ ಕೆರೆ ಸ್ವಲ್ಪ ಮುಂದೆ ಮತ್ತೆ ಎಡಕ್ಕೇ ಬಂದರೆ ಗಾಬರಿ ಬೇಡ, ನೀವು ಅದನ್ನು ಬಳಸಿಕೊಂಡು ಹೋಗುತ್ತಿದ್ದೀರಿ. ದಿಕ್ಕು ತಪ್ಪದಿರಲು ಪ್ರತಿ ತುಂಡಿಗೂ ಉತ್ತರದ ಬಾಣ ಹಾಕಿ. ಓಗಿಲ್ಬಿ ಪ್ರತಿ ಪಟ್ಟಿಯಲ್ಲೂ ದಿಕ್ಸೂಚಿ ಬರೆಸಿದ್ದು ಇದಕ್ಕೇ. ಮತ್ತೆ, ಈ ಸುರುಳಿಯನ್ನು ಬಿಸಿಲಲ್ಲಿ ನಿಂತ ಕಾರಿನ ಗಾಜಿನ ಹಿಂದೆ ಮಾತ್ರ ಇಡಬೇಡಿ. ಬಿಸಿಗೇ ಮೂಡಿದ ದಾರಿ ಅದು, ಕಾವು ಏರಿದರೆ ಸುತ್ತಲಿನ ಬಿಳಿಯೂ ಕಪ್ಪಾಗುತ್ತದೆ.