ಕದ್ದ ಮೇಲೂ ನಮ್ಮ ಬಳಿಯೇ ಉಳಿಯುವ ವಸ್ತು

ದೊಡ್ಡಮ್ಮನ ಹೆಸರಿನ ಇನಿಶಿಯಲ್ 'ಕೆ'. ಮಂಗಳೂರಿನ ಒಂದು ರಕ್ತಪರೀಕ್ಷಾ ಪ್ರಯೋಗಾಲಯದ ಕೌಂಟರಿನಲ್ಲಿದ್ದ ಹುಡುಗ ಅದನ್ನು 'ಟಿ' ಎಂದು ಬರೆದುಕೊಂಡ. ಸಕ್ಕರೆ ಪ್ರಮಾಣ ಹಿಡಿತದಲ್ಲಿದ್ದುದರಿಂದ ದೊಡ್ಡಮ್ಮ ಆ ತಪ್ಪನ್ನು ಕ್ಷಮಿಸಿ, ತಲಪಾಡಿಯ ಗಡಿ ದಾಟಿ ಕಾಸರಗೋಡು ಜಿಲ್ಲೆಯ ನೀರ್ಚಾಲಿಗೆ ಮರಳಿದರು. ಎಂಟು ತಿಂಗಳ ಬಳಿಕ ಒಂದು ಕರೆ ಬಂತು. ವಿಮೆಯ ಹಣ ಬಂದಿದೆ ಎಂದು ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಹೇಳಿದವನು ಅವರನ್ನು 'ಟಿ' ಸಹಿತವೇ ಕರೆದ. ಪರೀಕ್ಷೆ ಮಾಡಿಸಿದ ತಿಂಗಳನ್ನೂ ಹೇಳಿದ. "ನನ್ನ ಮನೆಯ ಹೆಸರೇ ಗೊತ್ತಿಲ್ಲದವನಿಗೆ ನನ್ನ ಹಣದ ಚಿಂತೆ ಯಾಕೆ?" ಎಂದು ಅವರು ಫೋನ್ ಇಟ್ಟುಬಿಟ್ಟರು.

ಆ ತಪ್ಪು ಅಕ್ಷರವನ್ನು ನಾನು ಬಹಳ ಕಾಲ ಮೆಚ್ಚಿಕೊಂಡಿದ್ದೆ. ಅವರ ಹೆಸರು ಹಾಗೆ ಬರೆಯಲ್ಪಟ್ಟಿದ್ದುದು ಲೋಕದಲ್ಲಿ ಒಂದೇ ಕಡೆ. ಎಂದರೆ ಮಾಹಿತಿ ಸೋರಿದ್ದೂ ಅಲ್ಲಿಂದಲೇ. ನಕ್ಷೆ ತಯಾರಿಸುವವರು ಇದನ್ನು ಬೇಕೆಂದೇ ಮಾಡುತ್ತಿದ್ದರು. 1930ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ನಕ್ಷೆಯೊಂದರಲ್ಲಿ ಆಗ್ಲೋ ಎಂಬ ಇಲ್ಲದ ಊರನ್ನು ಸೇರಿಸಿದ್ದರು. ನಕ್ಷೆಯನ್ನು ಕದ್ದು ನಕಲು ಮಾಡುವವನು ಆ ಊರನ್ನೂ ನಕಲು ಮಾಡಿ ಸಿಕ್ಕಿಬೀಳಲಿ ಎಂದು.

ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಕಳ್ಳ ಒಯ್ದರೆ ಬೆಳಗ್ಗೆ ಜಾಗ ಖಾಲಿ ಕಾಣುತ್ತದೆ. ಕಳ್ಳ ಸಿಕ್ಕಿದರೆ ಗೋಣಿ ಮರಳಿ ಬಂದೀತು. ಮಾಹಿತಿಯ ಕಳವಿನಲ್ಲಿ ಅಂಗಳ ತುಂಬಿದ ಹಾಗೆಯೇ ಇರುತ್ತದೆ. ಏರ್ ಇಂಡಿಯಾದ ಸುಮಾರು 45 ಲಕ್ಷ ಪ್ರಯಾಣಿಕರ ವಿವರ ಸೋರಿದ್ದು 2021ರ ಮೇ ತಿಂಗಳಲ್ಲಿ ಬಹಿರಂಗವಾಯಿತು. 2011ರ ಆಗಸ್ಟ್ 26ರಿಂದ 2021ರ ಫೆಬ್ರವರಿ 3ರವರೆಗೆ ದಾಖಲಾದ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಮತ್ತು ಟಿಕೆಟ್ ವಿವರಗಳು ಅದರಲ್ಲಿದ್ದವು. ಸೋರಿದ ಜಾಗ ವಿಮಾನ ಕಂಪೆನಿಯೂ ಅಲ್ಲ, ಅದು ಪ್ರಯಾಣಿಕರ ದಾಖಲೆಗಳ ಕೆಲಸ ಒಪ್ಪಿಸಿದ್ದ ಸೀಟಾ ಎಂಬ ಬೇರೊಂದು ಸಂಸ್ಥೆ. ಮನೆಗೊಬ್ಬರು ಕೊಲ್ಲಿಯಲ್ಲಿರುವ ನಮ್ಮ ಜಿಲ್ಲೆಯಲ್ಲಿ ಆ ಪಟ್ಟಿಗೆ ಸೇರಿದವರು ಎಷ್ಟು ಮಂದಿಯೋ, ಅವರಲ್ಲಿ ಸೀಟಾದ ಹೆಸರು ಕೇಳಿದವರು ಎಷ್ಟು ಮಂದಿಯೋ.

ಹೋದದ್ದನ್ನು ಮರಳಿ ತರಲಾಗುವುದಿಲ್ಲ ಎಂದ ಮೇಲೆ ಉಳಿಯುವ ದಾರಿ ಒಂದೇ: ಕಳ್ಳನ ಕೈಯಲ್ಲಿರುವ ಪ್ರತಿಯನ್ನು ಹಳತು ಮಾಡಿಬಿಡುವುದು. ಪಾಸ್‌ವರ್ಡ್ ಬದಲಿಸಬಹುದು, ಕಾರ್ಡ್ ಬದಲಿಸಬಹುದು. ಹುಟ್ಟಿದ ದಿನವನ್ನು ಬದಲಿಸಲಾಗದು.

ಪಾಸ್‌ವರ್ಡ್ ಸೋರಿತು ಎನ್ನುವಾಗ ನಿಜಕ್ಕೂ ಸೋರುವುದು ಏನು? ಸ್ವಲ್ಪವಾದರೂ ಜವಾಬ್ದಾರಿಯಿರುವ ಕಂಪೆನಿ ಅದನ್ನು ಇದ್ದ ಹಾಗೆ ಇಟ್ಟುಕೊಳ್ಳುವುದಿಲ್ಲ. ಹ್ಯಾಷ್ ಎಂಬ ಗಣಿತದ ಒರಳಿಗೆ ಹಾಕಿ ಅರೆದು, ಹೊರಬಂದ ಅಕ್ಷರರಾಶಿಯನ್ನು ಮಾತ್ರ ಇಡುತ್ತದೆ. ಹಲಸಿನ ಸೊಳೆಯಿಂದ ಹಪ್ಪಳ ಆಗುತ್ತದೆ, ಹಪ್ಪಳದಿಂದ ಸೊಳೆ ಆಗುವುದಿಲ್ಲವಷ್ಟೆ, ಹಾಗೆಯೇ ಇದು. ಆದರೆ ಕಳ್ಳನಿಗೆ ಹಿಂದಕ್ಕೆ ಹೋಗಬೇಕಾದ ಅಗತ್ಯವೇ ಇಲ್ಲ. ಜನ ಸಾಮಾನ್ಯವಾಗಿ ಇಡುವ ಪಾಸ್‌ವರ್ಡುಗಳನ್ನೆಲ್ಲ ತಾನೂ ಅರೆದು, ಕದ್ದ ರಾಶಿಯಲ್ಲಿ ಯಾವುದಕ್ಕೆ ಹೊಂದುತ್ತದೆ ಎಂದು ನೋಡುತ್ತಾನೆ. ಒಂದೇ ಸೊಳೆಗೆ ಒಂದೇ ಹಪ್ಪಳ. ಮಗಳ ಹೆಸರಿನ ಮುಂದೆ 123 ಸೇರಿಸಿದವರೆಲ್ಲ ಇಲ್ಲಿ ಸಿಕ್ಕಿಬೀಳುತ್ತಾರೆ. ಇದನ್ನು ತಡೆಯಲು ಅರೆಯುವ ಮೊದಲು ಒಬ್ಬೊಬ್ಬರ ಪಾಸ್‌ವರ್ಡಿಗೂ ಬೇರೆಬೇರೆ ಅಕ್ಷರಗಳ ಒಂದು ಚಿಟಿಕೆ ಬೆರೆಸುತ್ತಾರೆ. ಅದಕ್ಕೆ ಅವರು ಇಟ್ಟ ಹೆಸರೂ ಸಾಲ್ಟ್, ಉಪ್ಪು! 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸೋರಿದ ಹ್ಯಾಷ್‌ಗಳಿಗೆ ಈ ಉಪ್ಪು ಬಿದ್ದಿರಲಿಲ್ಲ.

ನಿಮ್ಮ ಪಾಸ್‌ವರ್ಡ್ ಹಿಂದೆ ಎಲ್ಲಾದರೂ ಸೋರಿದೆಯೇ ಎಂದು ನೋಡಲು ಟ್ರಾಯ್ ಹಂಟ್ ಎಂಬ ಆಸ್ಟ್ರೇಲಿಯಾದ ತಜ್ಞ 2013ರಲ್ಲಿ ಆರಂಭಿಸಿದ 'ಹ್ಯಾವ್ ಐ ಬೀನ್ ಪೋನ್ಡ್' ಎಂಬ ಉಚಿತ ತಾಣವಿದೆ. ಸೋರಿದೆಯೇ ಎಂದು ತಿಳಿಯಲು ಅಪರಿಚಿತನಿಗೆ ಪಾಸ್‌ವರ್ಡ್ ಹೇಳುವುದೇ ಎಂದು ಯಾರಾದರೂ ಹುಬ್ಬೇರಿಸಬಹುದು. ಹೇಳಬೇಕಾಗಿಲ್ಲ. ನಿಮ್ಮ ಯಂತ್ರದಲ್ಲೇ ಹ್ಯಾಷ್ ತಯಾರಾಗಿ, ಅದರ 40 ಅಕ್ಷರಗಳಲ್ಲಿ ಮೊದಲ 5 ಮಾತ್ರ ಅಲ್ಲಿಗೆ ಹೋಗುತ್ತವೆ. ಆ 5ರಿಂದ ಆರಂಭವಾಗುವ ಸೋರಿದ ಹ್ಯಾಷ್‌ಗಳ ಪಟ್ಟಿ ಮರಳಿ ಬರುತ್ತದೆ. ಉಳಿದ 35ನ್ನು ಹೋಲಿಸುವುದು ಮತ್ತೆ ನಿಮ್ಮ ಯಂತ್ರವೇ. ನೀವು ಏನನ್ನು ಹುಡುಕಿದಿರಿ ಎಂಬುದು ಕೊಟ್ಟವನಿಗೂ ತಿಳಿಯುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ನಾನು ಕಂಡ ಅತ್ಯಂತ ಸಭ್ಯವಾದ ಗಣಿತ ಇದು.

ಬದಲಿಸಲಾಗದ ಮಾಹಿತಿಗೆ ಬಾಗಿಲು ಹಾಕಿಡಬೇಕು. ಆಧಾರ್‌ನ ಬೆರಳಚ್ಚನ್ನು ಅದರ ಅಧಿಕೃತ ಆ್ಯಪ್‌ನಲ್ಲಿ ಬೀಗ ಹಾಕಿ, ಬೇಕಾದಾಗ ಮಾತ್ರ ತೆರೆಯಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಓಡುತ್ತಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತೋರಿಸುತ್ತದೆ. ಸಿಬಿಲ್‌ನಂಥ ಸಾಲ ಮಾಹಿತಿ ಕಂಪೆನಿಗಳು ನಾಲ್ಕಿವೆ. ಪ್ರತಿಯೊಂದೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಪುಕ್ಕಟೆಯಾಗಿ ಕೊಡಲೇಬೇಕು. ನೀವು ತೆಗೆಯದ ಸಾಲ ಅದರಲ್ಲಿದ್ದರೆ ದೂರು ಕೊಡಿ. 30 ದಿನಗಳಲ್ಲಿ ಅದು ಇತ್ಯರ್ಥವಾಗದಿದ್ದರೆ ಆ ಬಳಿಕದ ದಿನವೊಂದಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ. ಸಣ್ಣ ಮೊತ್ತವೇ, ಆದರೆ ಗಡಿಯಾರ ಓಡತೊಡಗುತ್ತದೆ.

ಖಾತೆಯಿಂದ ಹಣವೇ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಜೊತೆಗೆ ಬ್ಯಾಂಕಿಗೆ ದೂರು. ತಪ್ಪು ಗ್ರಾಹಕನದೂ ಅಲ್ಲ, ಬ್ಯಾಂಕಿನದೂ ಅಲ್ಲ, ನಡುವೆ ಎಲ್ಲೋ ಆಗಿದ್ದು ಎಂದಾದರೆ, ಬ್ಯಾಂಕಿನ ಸೂಚನೆ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ನಷ್ಟದ ಹೊಣೆ ಇಲ್ಲ ಎನ್ನುತ್ತದೆ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ. ತಪ್ಪು ಗ್ರಾಹಕನದೇ ಎಂದು ಸಾಬೀತು ಮಾಡುವ ಭಾರವೂ ಬ್ಯಾಂಕಿನ ಮೇಲೆಯೇ. ಒಟಿಪಿಯನ್ನು ತಾವಾಗಿಯೇ ಹೇಳಿದವರಿಗೆ ಈ ಆಸರೆ ಸಿಗದು.

ಇನ್ನು ಸೋರಿಸಿದ ಕಂಪೆನಿಯಿಂದ ಪರಿಹಾರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸುರಕ್ಷತೆಯಲ್ಲಿ ಸೋತ ಕಂಪೆನಿಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಓದಿದ ಕೂಡಲೇ ಬಾಯಲ್ಲಿ ನೀರೂರುತ್ತದೆ. ಆದರೆ ಆ ದಂಡ ಹೋಗಿ ಸೇರುವುದು ಭಾರತದ ಸಂಚಿತ ನಿಧಿಗೆ. ಮಾಹಿತಿ ಕಳಕೊಂಡವನಿಗೆ ಅದರಲ್ಲಿ ಚಿಕ್ಕಾಸಿಲ್ಲ. ಸಂತ್ರಸ್ತನಿಗೇ ಪರಿಹಾರ ಕೊಡಿಸುವ ಕಲಮು ಇರುವುದು ಹಳೆಯ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ: 43ಎ. 5 ಕೋಟಿವರೆಗಿನ ಇಂಥ ಕೋರಿಕೆಯನ್ನು ಆಯಾ ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿ ನ್ಯಾಯನಿರ್ಣಯಾಧಿಕಾರಿಯಾಗಿ ಕೇಳುತ್ತಾರೆ. ವಿಚಿತ್ರವೆಂದರೆ ಹೊಸ ಕಾಯ್ದೆ ಇದೇ ಕಲಮನ್ನು ತೆಗೆದುಹಾಕುತ್ತದೆ. 2025ರ ನವೆಂಬರಿನ ಅಧಿಸೂಚನೆಯಂತೆ 18 ತಿಂಗಳ ಬಳಿಕ. ತೋಟಕ್ಕೆ ಹೊಸ ಬೇಲಿ ಹಾಕುವ ಭರದಲ್ಲಿ ಕಾಲುದಾರಿಯನ್ನೇ ಮುಚ್ಚಿದ ಹಾಗೆ ನನಗೆ ಇದು ಕಾಣುತ್ತದೆ.

ಇರುವ ಕಲಮೂ ಸುಲಭದ್ದಲ್ಲ. ವೈದ್ಯಕೀಯ ದಾಖಲೆ, ಬ್ಯಾಂಕ್ ವಿವರ, ಪಾಸ್‌ವರ್ಡ್, ಬೆರಳಚ್ಚು ಅದರ ಆಸರೆಯಲ್ಲಿವೆ, ಬರಿಯ ಹೆಸರು ಮತ್ತು ಫೋನ್ ನಂಬರ್ ಇಲ್ಲ. ನಷ್ಟ ಆಗಿದೆ, ಅದು ಈ ಸೋರಿಕೆಯಿಂದಲೇ ಆಗಿದೆ ಎಂದು ತೋರಿಸಬೇಕು. ಯುರೋಪಿನ ನ್ಯಾಯಾಲಯ 2023ರ ಡಿಸೆಂಬರಿನಲ್ಲಿ, ಬಲ್ಗೇರಿಯಾದ ತೆರಿಗೆ ಇಲಾಖೆಯ ಸೋರಿಕೆಯ ಪ್ರಕರಣದಲ್ಲಿ, ದುರ್ಬಳಕೆಯಾದೀತೆಂಬ ಸಕಾರಣ ಭಯವೂ ಪರಿಹಾರಕ್ಕೆ ಅರ್ಹವಾದ ಹಾನಿಯಾಗಬಹುದು ಎಂದಿತು. ನಮ್ಮಲ್ಲಿ ಭಯಕ್ಕೆ ಇನ್ನೂ ಬೆಲೆ ಕಟ್ಟಿಲ್ಲ. ಹಾಗಾಗಿಯೇ ಆ ತಪ್ಪು ಇನಿಶಿಯಲ್ ಮುಖ್ಯವಾಗುವುದು. ಕರೆ ಬಂದ ದಿನ, ನಂಬರ್, ಅವನು ಬಳಸಿದ ಹೆಸರು, ಕಂಪೆನಿಗೆ ನೀವು ಬರೆದ ಪತ್ರ, ಅದರ ಉತ್ತರ ಅಥವಾ ಮೌನ: ಸರಪಳಿ ಕಟ್ಟುವುದು ಇವುಗಳಿಂದಲೇ.

ಗಡಿಯವರಿಗೆ ಗ್ರಾಹಕ ಆಯೋಗದ ದಾರಿ ಇನ್ನೂ ಹತ್ತಿರ. ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಇನ್ನೊಬ್ಬರಿಗೆ ತಿಳಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಪ್ರಯೋಗಾಲಯ ಮಂಗಳೂರಿನಲ್ಲಿದ್ದರೂ ವಾಸವಿರುವ ಕಾಸರಗೋಡಿನ ಆಯೋಗದಲ್ಲೇ ದೂರು ಕೊಡಬಹುದು. ವಕೀಲರು ಕಡ್ಡಾಯವಲ್ಲ, ನೀವು ಪಾವತಿಸಿದ ಮೊತ್ತ 5 ಲಕ್ಷ ಮೀರದಿದ್ದರೆ ಶುಲ್ಕವೂ ಇಲ್ಲ, ಅವಧಿ ಎರಡು ವರ್ಷ. ಪೊಲೀಸ್ ದೂರಿನಲ್ಲೂ 'ಅದು ಆಚೆ ರಾಜ್ಯದ ವಿಷಯ' ಎಂಬ ಮಾತು 2024ರ ಜುಲೈ 1ರಿಂದ ನಡೆಯುವುದಿಲ್ಲ. ಪೊಲೀಸರು ನೇರವಾಗಿ ತನಿಖೆಗಿಳಿಯಬಹುದಾದ ಅಪರಾಧ ಎಲ್ಲಿ ಘಟಿಸಿದರೂ ಯಾವ ಠಾಣೆಯಲ್ಲೂ ದಾಖಲಿಸಬಹುದು ಎಂದು ಹೊಸ ನಾಗರಿಕ ಸುರಕ್ಷಾ ಸಂಹಿತೆಯೇ ಹೇಳುತ್ತದೆ. ಹೊಸ ದತ್ತಾಂಶ ಕಾಯ್ದೆಯಲ್ಲಿ ನಮಗೆ ದಕ್ಕುವ ಒಂದು ಸಿಹಿಯೂ ಇದೆ. ಮಾಹಿತಿ ಪಡೆಯುವ ಮುನ್ನ ಕೇಳುವ ಒಪ್ಪಿಗೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದುವ ಆಯ್ಕೆ ಕೊಡಬೇಕು, ಎಂದರೆ ಆ ಕಲಮು ಜಾರಿಯಾದಾಗ ಕಾಸರಗೋಡಿನವರು ಕನ್ನಡದಲ್ಲೇ ಕೇಳಬಹುದು. ತುಳುವಿನಲ್ಲಿ ಕೇಳಲಾಗದು, ಅದು ಅನುಸೂಚಿಯಲ್ಲಿಲ್ಲ.

ದೊಡ್ಡಮ್ಮ ಈ ಕಾಯ್ದೆಗಳನ್ನೆಲ್ಲ ಓದಿಲ್ಲ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಸರಕಾರಿ ಕಾಗದಗಳಲ್ಲಿ ಸರಿಯಾದ ಹೆಸರನ್ನೇ ಬರೆಯುತ್ತಾರೆ. ಆದರೆ ಬಹುಮಾನದ ಚೀಟಿಗೆಂದು ಹೆಸರು, ನಂಬರ್ ಕೇಳುವ ಅಂಗಡಿಗಳಲ್ಲಿ ಒಂದೊಂದು ಕಡೆ ಒಂದೊಂದು ಇನಿಶಿಯಲ್ ಕೊಟ್ಟು, ಅದನ್ನು ಪಂಚಾಂಗದ ಹಿಂಬದಿಯಲ್ಲಿ ಗುರುತು ಹಾಕಿಡುತ್ತಾರೆ. ಮೊನ್ನೆ ಯಾವನೋ 'ಎಂ' ಸೇರಿಸಿ ಕರೆದನಂತೆ. ಕನ್ನಡಕ ಹಾಕಿಕೊಂಡು ಪಂಚಾಂಗ ತಿರುವಿ ನೋಡಿದರು: ಸೀರೆ ಅಂಗಡಿ.