ಹೊಸ ಎಂಜಿನ್ ಪಳಗಿಸುವ ಹದ

ಹೊಸ ಕಾರು ತೆಗೆದುಕೊಂಡವರಿಗೆ ಸಲಹೆಗಳ ಬರವಿಲ್ಲ. 'ಮೊದಲ ಸಾವಿರ ಕಿಲೋಮೀಟರ್ ಐವತ್ತರ ಮೇಲೆ ಓಡಿಸಲೇಬೇಡಿ' ಅಂತ ಒಬ್ಬರು. 'ಹಾಗೆ ಮುದ್ದು ಮಾಡಿದರೆ ಗಾಡಿಗೆ ಪಿಕಪ್ಪೇ ಬರಲ್ಲ, ಮೊದಲ ದಿನದಿಂದಲೇ ಚೆನ್ನಾಗಿ ಎಳೀರಿ' ಅಂತ ಇನ್ನೊಬ್ಬರು. ಇಬ್ಬರದ್ದೂ ಒಂದೇ ಖಚಿತ ದನಿ. ತಮಾಷೆ ಏನೆಂದರೆ ಇಬ್ಬರ ಮಾತಲ್ಲೂ ಅರ್ಧರ್ಧ ನಿಜವಿದೆ. ಯಾವ ಅರ್ಧ ನಿಜ ಅಂತ ತಿಳಿಯಬೇಕಾದರೆ ಸಿಲಿಂಡರ್, ಅಂದರೆ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಕೊಳವೆಯ ಒಳಗೆ ಇಣುಕಬೇಕು.

ಸಿಲಿಂಡರ್‌ನ ಒಳಗೋಡೆ ಕನ್ನಡಿಯಷ್ಟು ನುಣುಪಾಗಿರುತ್ತದೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಹೊಸ ಎಂಜಿನ್ ಬ್ಲಾಕ್ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಬೇರೆಯದೇ ಕಾಣುತ್ತದೆ. ಗೋಡೆಯ ತುಂಬ ಸಣ್ಣ ಸಣ್ಣ ಓರೆ ಗೆರೆಗಳು. ಒಂದು ಸಾಲು ಈ ಕಡೆ ವಾಲಿದರೆ ಇನ್ನೊಂದು ಆ ಕಡೆ ವಾಲಿ, ಒಂದನ್ನೊಂದು ಕತ್ತರಿಸಿಕೊಂಡು ಬಲೆಯಂತೆ ಹೆಣೆದುಕೊಂಡಿರುತ್ತವೆ. ಬೆಳಕನ್ನು ಸ್ವಲ್ಪ ಆಡಿಸಿದರೆ ಗೆರೆಗಳು ಮಿನುಗುತ್ತವೆ.

ಕಾರ್ಖಾನೆಯಲ್ಲಿ ಈ ಗೆರೆಗಳನ್ನು ಬೇಕಂತಲೇ ಹಾಕಿರುತ್ತಾರೆ. ಈ ಕೆಲಸಕ್ಕೆ ಹೋನಿಂಗ್ ಅಂತ ಹೆಸರು. ಸಾಣೆಕಲ್ಲುಗಳಿರುವ ಉಪಕರಣವೊಂದು ಸಿಲಿಂಡರ್ ಒಳಗೆ ತಿರುಗುತ್ತಾ ಮೇಲೆ ಕೆಳಗೆ ಓಡಾಡಿ ಗೆರೆ ಎಳೆಯುತ್ತದೆ. ಗೆರೆಯ ಆಳ ಕೆಲವೇ ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್ ಇರುತ್ತದೆ, ಅದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ. ಆದರೆ ಕೆಲಸ ಮಾತ್ರ ದೊಡ್ಡದು. ಗೆರೆಯ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ. ಗೆರೆಯ ಏಣುಗಳು ಪಿಸ್ಟನ್ ರಿಂಗನ್ನು, ಅಂದರೆ ಪಿಸ್ಟನ್ ಸುತ್ತ ಇರುವ ಲೋಹದ ಬಳೆಯನ್ನು, ಅರದ ಹಾಗೆ ತೀಡುತ್ತವೆ. ತೀಡುತ್ತಾ ತೀಡುತ್ತಾ ಏಣುಗಳೂ ಸವೆಯುತ್ತವೆ, ರಿಂಗಿನ ಅಂಚೂ ಸವೆಯುತ್ತದೆ. ಕೊನೆಗೆ ಆ ರಿಂಗ್ ಆ ಗೋಡೆಗೆ ಸರಿಯಾಗಿ ಕೂರುತ್ತದೆ. ಮೆಕ್ಯಾನಿಕ್‌ಗಳು 'ರಿಂಗ್ ಕೂತಿದೆ' ಅನ್ನೋದು ಇದಕ್ಕೇ. ಹೊಸ ಎಂಜಿನ್ ಪಳಗಿಸುವುದು ಅಂದರೆ ಹೆಚ್ಚುಕಡಿಮೆ ಇಷ್ಟೇ: ಬೇಕಾದಷ್ಟು ಸವೆಸುವುದು, ಅದಕ್ಕಿಂತ ಜಾಸ್ತಿ ಸವೆಸದೆ ಇರುವುದು.

ಸಾಮಾನ್ಯವಾಗಿ ಒಂದೊಂದು ಪಿಸ್ಟನ್‌ಗೆ ಮೂರು ರಿಂಗ್. ಮೇಲಿನ ಎರಡು ಗ್ಯಾಸ್ ತಡೆಯುತ್ತವೆ, ಕೆಳಗಿನದು ಗೋಡೆಯ ಮೇಲಿನ ಹೆಚ್ಚುವರಿ ಆಯಿಲನ್ನು ಒರೆಸಿ ಕೆಳಗೆ ತಳ್ಳುತ್ತದೆ. ನಡುವಿನದು ಎರಡೂ ಕೆಲಸದಲ್ಲಿ ಕೈಜೋಡಿಸುತ್ತದೆ. ಮೇಲಿನ ರಿಂಗ್ ಗೋಡೆಗೆ ಒತ್ತಿಕೊಂಡಿರುವುದು ಯಾವುದರ ಬಲದಿಂದ? ಅದರದ್ದೇ ಸ್ಪ್ರಿಂಗ್ ಗುಣದಿಂದ ಅಂತ ಅನಿಸುತ್ತದೆ ಅಲ್ವಾ? ಸ್ಪ್ರಿಂಗ್ ಬಲ ಇರುವುದೇನೋ ನಿಜ. ಆದರೆ ಅದರಿಂದ ಗೋಡೆಯ ಮೇಲೆ ಬೀಳುವ ಒತ್ತಡ ಒಂದೆರಡು ಬಾರ್, ಅಂದರೆ ಕಾರಿನ ಟೈರಿನಲ್ಲಿರುವ ಗಾಳಿಯಷ್ಟೇ. ಅಸಲಿ ಬಲ ಬರುವುದು ಉರಿಯುವ ಗ್ಯಾಸ್‌ನಿಂದ. ಪಿಸ್ಟನ್‌ನ ಸುತ್ತಲಿನ ತೋಡಿನಲ್ಲಿ ರಿಂಗ್ ಸ್ವಲ್ಪ ಸಡಿಲವಾಗಿ ಕೂತಿರುತ್ತದೆ. ಉರಿದ ಗ್ಯಾಸ್ ಆ ಸಂದಿಯಿಂದ ರಿಂಗಿನ ಬೆನ್ನಿಗೆ ಹೋಗಿ ಅದನ್ನು ಗೋಡೆಯತ್ತ ದೂಡುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಪೆಟ್ರೋಲ್ ಎಂಜಿನ್ ಒಳಗಿನ ಒತ್ತಡ ಕ್ಷಣಕಾಲ 50 ಬಾರ್ ದಾಟುತ್ತದೆ. ಡೀಸೆಲ್‌ನಲ್ಲಿ ಇನ್ನೂ ಎಷ್ಟೋ ಜಾಸ್ತಿ. ಅದೇ ಕಾಲನ್ನು ಹೂವಿನ ಮೇಲೆ ಇಟ್ಟಂತೆ ಇಟ್ಟು ಓಡಿಸಿದರೆ ಈ ಒತ್ತಡ ತೀರಾ ಕಡಿಮೆ.

'ಚೆನ್ನಾಗಿ ಎಳೀರಿ' ಅನ್ನುವವರ ಅರ್ಧ ಸತ್ಯ ಇರುವುದು ಇಲ್ಲೇ. ಎಂಜಿನ್ ಮೇಲೆ ಲೋಡ್ ಬೀಳದಿದ್ದರೆ ರಿಂಗ್ ಗೋಡೆಗೆ ಗಟ್ಟಿಯಾಗಿ ತಾಗುವುದಿಲ್ಲ. ತಾಗದಿದ್ದರೆ ಸವೆಯುವುದಿಲ್ಲ. ಸುಮ್ನೆ ಆಯಿಲ್ ಮೇಲೆ ತೇಲುತ್ತಾ ಹೋಗುತ್ತದೆ. ಸಂದಿಯಿಂದ ಬಿಸಿ ಗ್ಯಾಸ್ ಕೆಳಗೆ ಸೋರುತ್ತದೆ, ಗೋಡೆಯ ಮೇಲೆ ಉಳಿದ ಆಯಿಲ್ ಆ ಬಿಸಿಗೆ ಸುಟ್ಟು ವಾರ್ನಿಶ್‌ನಂತೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಗೆರೆಗಳ ತಗ್ಗು ಮುಚ್ಚಿಹೋಗುತ್ತದೆ. ಇದಕ್ಕೆ ಗ್ಲೇಜಿಂಗ್ ಅನ್ನುತ್ತಾರೆ. ಒಮ್ಮೆ ಚೆನ್ನಾಗಿ ಗ್ಲೇಜ್ ಆಯಿತೆಂದರೆ ಆಮೇಲೆ ರಿಂಗ್ ಕೂರಿಸುವುದು ಕಷ್ಟ. ಎಂಜಿನ್ ಆಯಿಲ್ ಕುಡಿಯಲು ಶುರುಮಾಡುತ್ತದೆ. ಅದು ವಿಪರೀತವಾದರೆ ಎಂಜಿನ್ ಬಿಚ್ಚಿ ಮತ್ತೆ ಹೋನಿಂಗ್ ಮಾಡಿಸುವುದೊಂದೇ ದಾರಿ. ಕಡಿಮೆ ಲೋಡಿನಲ್ಲಿ ಗಂಟೆಗಟ್ಟಲೆ ಓಡುವ ಡೀಸೆಲ್ ಜನರೇಟರ್‌ಗಳಿಗೆ ಈ ಕಾಯಿಲೆ ಮಾಮೂಲು.

ಇದಕ್ಕೆ ಒಳ್ಳೆಯ ಸಾಕ್ಷಿ ಸಿಗುವುದು ಆಕಾಶದಲ್ಲಿ. ಸಣ್ಣ ವಿಮಾನಗಳ ಪಿಸ್ಟನ್ ಎಂಜಿನ್ ಮಾಡುವ ಲೈಕಮಿಂಗ್ ಕಂಪನಿ, ಹೊಸ ಎಂಜಿನ್ನನ್ನು 65ರಿಂದ 75 ಶೇಕಡಾ ಪವರ್‌ನಲ್ಲಿ ಹಾರಿಸಿ ಅನ್ನುತ್ತದೆ. ನಿಧಾನಕ್ಕೆ ಹಾರಿಸಿ ಅನ್ನುವುದಿಲ್ಲ! ಮೊದಲ 50 ಗಂಟೆ, ಇಲ್ಲವೇ ಆಯಿಲ್ ಖರ್ಚು ಒಂದು ಮಟ್ಟಕ್ಕೆ ಬಂದು ನಿಲ್ಲುವವರೆಗೆ, ಸಾಮಾನ್ಯವಾಗಿ ಅಡಿಟಿವ್ ಇಲ್ಲದ ಬರೀ ಮಿನರಲ್ ಆಯಿಲ್ ಹಾಕುತ್ತಾರೆ. ಸವೆತ ತಡೆಯುವ ಅಡಿಟಿವ್‌ಗಳು ಈ ಹಂತದಲ್ಲಿ ಬೇಕಾದ ಸವೆತವನ್ನೂ ತಡೆದುಬಿಡಬಹುದು ಅನ್ನುವುದು ಲೆಕ್ಕಾಚಾರ. ಎಂಜಿನ್ ಕೈಕೊಟ್ಟರೆ ಪಕ್ಕಕ್ಕೆ ನಿಲ್ಲಿಸಲು ಆಗದ ಜಾಗದಲ್ಲಿ ಹೀಗೆ ಮಾಡುತ್ತಾರೆ ಅಂದರೆ, 'ಮೆಲ್ಲಗೆ ಓಡಿಸಿದಷ್ಟೂ ಒಳ್ಳೆಯದು' ಅನ್ನುವ ಮಾತು ಪೂರ್ತಿ ಸರಿಯಲ್ಲ ಅಂತಾಯಿತು.

ಹಾಗಾದರೆ ಷೋರೂಮಿನಿಂದ ಹೊರಬಂದ ಕೂಡಲೇ ಆಕ್ಸಿಲರೇಟರ್ ನೆಲಕ್ಕೆ ಒತ್ತಿಬಿಡೋಣವಾ? ಬೇಡ. ಇದು 'ಮೆಲ್ಲಗೆ' ಅನ್ನುವವರ ಅರ್ಧ ಸತ್ಯ.

ಎಂಜಿನ್ 3000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 3000 ಸುತ್ತು) ಓಡುವಾಗ ಪಿಸ್ಟನ್ ಸೆಕೆಂಡಿಗೆ 100 ಸಲ ನಿಂತು ದಿಕ್ಕು ಬದಲಿಸುತ್ತದೆ. ನಡುದಾರಿಯಲ್ಲಿ ಅದು ವೇಗವಾಗಿ ಹೋಗುವಾಗ ರಿಂಗಿಗೂ ಗೋಡೆಗೂ ನಡುವೆ ಆಯಿಲ್ ಪದರ ತಾನಾಗಿ ಏರ್ಪಡುತ್ತದೆ. ಮೇಲಿನ ತುದಿಯಲ್ಲಿ ಪಿಸ್ಟನ್ ಒಂದು ಕ್ಷಣ ನಿಂತಾಗ ಈ ಪದರ ತೀರಾ ತೆಳುವಾಗಿ ಲೋಹಕ್ಕೆ ಲೋಹ ತಾಗುತ್ತದೆ. ಜರ್ಮನಿಯ ಎಂಜಿನಿಯರ್ ರಿಚರ್ಡ್ ಸ್ಟ್ರೈಬೆಕ್ 1902ರಲ್ಲಿ ಬೇರಿಂಗ್‌ಗಳ ಮೇಲೆ ಪ್ರಯೋಗ ಮಾಡಿ, ವೇಗ ಮತ್ತು ಹೊರೆಗೆ ತಕ್ಕಂತೆ ಘರ್ಷಣೆ ಹೇಗೆ ಬದಲಾಗುತ್ತದೆ ಅಂತ ತೋರಿಸಿದ್ದರು. ಅವರ ಹೆಸರಿನ ಆ ಗ್ರಾಫನ್ನು ಇವತ್ತಿಗೂ ಎಂಜಿನ್ ವಿನ್ಯಾಸ ಮಾಡುವವರು ಬಳಸುತ್ತಾರೆ. ಇಡೀ ಗ್ರಾಫ್ ಒಂದೇ ಪಿಸ್ಟನ್ ಹೊಡೆತದಲ್ಲಿ ಒಮ್ಮೆ ಓಡಿ ಹೋಗುತ್ತದೆ ಅಂದರೂ ನಡೆಯುತ್ತದೆ.

ಹೊಸ ಎಂಜಿನ್‌ನಲ್ಲಿ ಏಣುಗಳು ಇನ್ನೂ ಚೂಪು. ತಾಗುವ ಜಾಗ ಕಡಿಮೆ, ಆದ್ದರಿಂದ ಇಡೀ ಹೊರೆ ಆ ಏಣುಗಳ ತುದಿಯ ಮೇಲೇ ಬೀಳುತ್ತದೆ. ಅಲ್ಲಿ ವಿಪರೀತ ಬಿಸಿ ಹುಟ್ಟುತ್ತದೆ. ಒಂದೇ ಸಮ ಪೂರ್ತಿ ಲೋಡ್ ಕೊಟ್ಟರೆ ಆ ಬಿಸಿ ಇಳಿಯಲು ಸಮಯವೇ ಸಿಗದೆ ಏಣುಗಳು ಒಂದಕ್ಕೊಂದು ಬೆಸೆದು ಕಿತ್ತುಬರುತ್ತವೆ. ಆಗ ನಯವಾಗಿ ಸವೆಯುವ ಬದಲು ಗೀಚು ಬೀಳುತ್ತದೆ. ಕ್ರ್ಯಾಂಕ್ ಬೇರಿಂಗ್, ಕ್ಯಾಮ್‌ಶಾಫ್ಟ್, ಗೇರ್‌ಬಾಕ್ಸ್‌ನ ಹಲ್ಲುಗಳು ಕೂಡ ಆಗಷ್ಟೇ ಒಂದಕ್ಕೊಂದು ಹೊಂದಿಕೊಳ್ಳುತ್ತಿರುತ್ತವೆ.

ಹಾಗಾಗಿ ಮಾಡಬೇಕಾದ್ದು ಲೋಡ್ ಕೊಡುವುದು, ಬಿಡುವುದು, ಮತ್ತೆ ಕೊಡುವುದು. ಎಂಜಿನ್ ಬಿಸಿಯಾದ ಮೇಲೆ ತೆರವಾದ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 2000 ಆರ್‌ಪಿಎಂನಿಂದ 3500ರ ಆಸುಪಾಸಿನವರೆಗೆ ಅರ್ಧದಿಂದ ಮುಕ್ಕಾಲು ಆಕ್ಸಿಲರೇಟರ್ ಕೊಟ್ಟು ಏರಿಸಿ. ಆಮೇಲೆ ಕಾಲು ಪೂರ್ತಿ ತೆಗೆದು, ಗೇರಿನಲ್ಲೇ ತಾನಾಗಿ ವೇಗ ಇಳಿಯಲು ಬಿಡಿ. ಏರಿಸುವಾಗ ಗ್ಯಾಸ್ ರಿಂಗನ್ನು ಗೋಡೆಗೆ ಒತ್ತುತ್ತದೆ. ಕಾಲು ತೆಗೆದಾಗ ಆ ಹೊರೆ ಇಳಿಯುತ್ತದೆ, ಪೆಟ್ರೋಲ್ ಎಂಜಿನ್‌ನಲ್ಲಿ ಸಿಲಿಂಡರ್ ಒಳಗೆ ನಿರ್ವಾತ ಉಂಟಾಗಿ ಒಂದಿಷ್ಟು ಹೊಸ ಆಯಿಲ್ ಗೋಡೆಯ ಮೇಲ್ಭಾಗಕ್ಕೆ ಬರುತ್ತದೆ. ಬಿಸಿಯೂ ತಗ್ಗುತ್ತದೆ. ಏರಿಳಿತಗಳಿರುವ ಸಾಮಾನ್ಯ ರಸ್ತೆಯಲ್ಲಿ ಇದೆಲ್ಲ ತಾನಾಗಿ ಆಗುತ್ತದೆ, ಪ್ರತ್ಯೇಕ ಕಸರತ್ತು ಬೇಕಿಲ್ಲ. ಕ್ರೂಸ್ ಕಂಟ್ರೋಲ್ ಹಾಕಿಕೊಂಡು ಹೆದ್ದಾರಿಯಲ್ಲಿ ಮೂರು ಗಂಟೆ ಒಂದೇ ವೇಗದಲ್ಲಿ ಹೋಗುವುದು ಮಾತ್ರ ಹೊಸ ಗಾಡಿಗೆ ಅಷ್ಟು ಒಳ್ಳೆಯದಲ್ಲ.

ಇನ್ನೊಂದು ತಪ್ಪು ತುಂಬಾ ಕಡೆ ನೋಡುತ್ತೇವೆ. ಆರ್‌ಪಿಎಂ ಕಡಿಮೆ ಇರಲಿ ಅಂತ ಬೇಗ ಬೇಗ ಮೇಲಿನ ಗೇರ್ ಹಾಕಿ, ಐದನೇ ಗೇರಿನಲ್ಲಿ ನಲವತ್ತರ ವೇಗದಲ್ಲಿ ಏರು ಹತ್ತಿಸುವುದು. ಗಾಡಿ ಗುರ್ ಅಂತ ನಡುಗುತ್ತಿದ್ದರೂ 'ಎಂಜಿನ್‌ಗೆ ತ್ರಾಸ ಕೊಡುತ್ತಿಲ್ಲ' ಅನ್ನುವ ಸಮಾಧಾನ. ನಿಜ ಉಲ್ಟಾ. ಬೇರಿಂಗ್ ಒಳಗೆ ಆಯಿಲ್ ಪದರ ಏರ್ಪಡಲು ತಿರುಗುವ ವೇಗ ಬೇಕು. ವೇಗ ಕಡಿಮೆ, ಹೊರೆ ಜಾಸ್ತಿ ಆದರೆ ಪದರ ತೆಳುವಾಗುತ್ತದೆ. ಟರ್ಬೊ ಇರುವ ಈಗಿನ ಪೆಟ್ರೋಲ್ ಎಂಜಿನ್‌ಗಳಲ್ಲಿ ಇಂಥ ಹೊತ್ತಿನಲ್ಲಿ ಇಂಧನ ಕಾಲಕ್ಕೆ ಮೊದಲೇ ಹೊತ್ತಿಕೊಂಡು ಪಿಸ್ಟನ್‌ಗೆ ಏಟು ಬೀಳುವ ಅಪಾಯವೂ ಇದೆ. ಒಂದು ಗೇರ್ ಇಳಿಸಿ, ಎಂಜಿನ್ ಸಲೀಸಾಗಿ ತಿರುಗಲಿ.

ತಣ್ಣಗಿರುವ ಎಂಜಿನ್ನನ್ನು ಎಳೆಯಬಾರದು ಅನ್ನುವುದರಲ್ಲಿ ಎರಡು ಮಾತಿಲ್ಲ. ಅದು ಹೊಸದಕ್ಕೂ ಹಳೆಯದಕ್ಕೂ ಒಂದೇ. ಡ್ಯಾಶ್‌ಬೋರ್ಡಿನ ಮುಳ್ಳು ನಡುವಿಗೆ ಬಂತು ಅಂದರೆ ಎಂಜಿನ್ ತಂಪಾಗಿಡುವ ಕೂಲೆಂಟ್ ದ್ರವ ಬಿಸಿಯಾಯಿತು ಅಂತ ಅರ್ಥ, ಆಯಿಲ್ ಬಿಸಿಯಾಯಿತು ಅಂತಲ್ಲ. ಆಯಿಲ್‌ಗೆ ಇನ್ನೂ ಕೆಲವು ನಿಮಿಷ ಬೇಕು. ಹಾಗಂತ ನಿಲ್ಲಿಸಿಕೊಂಡು ಐಡಲ್‌ನಲ್ಲಿ ಬಿಸಿ ಮಾಡಬೇಡಿ. ಅದರಲ್ಲಿ ಲೋಡೂ ಇಲ್ಲ, ಬೇಗ ಬಿಸಿಯೂ ಆಗಲ್ಲ, ಸುಡದ ಇಂಧನ ಇಳಿದು ಆಯಿಲ್ ಜೊತೆ ಸೇರುತ್ತದೆ. ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಬಿಟ್ಟು ಮೆತ್ತಗೆ ಹೊರಟರೆ ಸಾಕು.

ಇಷ್ಟೆಲ್ಲ ಈಗಿನ ಕಾರುಗಳಿಗೆ ಬೇಕಾ? ಒಂದು ಕಾಲದಲ್ಲಿ ಬ್ರಿಟನ್‌ನಲ್ಲಿ ಹೊಸ ಕಾರಿನ ಹಿಂದಿನ ಗಾಜಿಗೆ 'ರನ್ನಿಂಗ್ ಇನ್, ಪ್ಲೀಸ್ ಪಾಸ್' ಅಂತ ಚೀಟಿ ಅಂಟಿಸಿಕೊಂಡು ಓಡಾಡುತ್ತಿದ್ದರು. ಆಗ ಭಾಗಗಳ ಅಳತೆಯಲ್ಲಿ ಅಷ್ಟು ನಿಖರತೆ ಇರಲಿಲ್ಲ, ಆಯಿಲೂ ಸಾಧಾರಣ. ಈಗ ಕಾರ್ಖಾನೆಯಲ್ಲೇ ಹೋನಿಂಗ್ ಆದ ಮೇಲೆ ಏಣುಗಳ ಚೂಪು ತುದಿಯನ್ನು ಸವರಿ ಚಪ್ಪಟೆ ಮಾಡಿಬಿಡುತ್ತಾರೆ, ತಗ್ಗುಗಳನ್ನು ಮಾತ್ರ ಉಳಿಸುತ್ತಾರೆ. ರಿಂಗ್‌ಗಳಿಗೆ ಗಟ್ಟಿ ಲೇಪನ ಇರುತ್ತದೆ. ಪಳಗುವ ಕೆಲಸದ ಒಂದು ಪಾಲು ಕಾರು ನಮ್ಮ ಕೈಗೆ ಬರುವ ಮೊದಲೇ ಮುಗಿದಿರುತ್ತದೆ. ಹೀಗಾಗಿ ಓವರ್‌ಟೇಕ್ ಮಾಡುವಾಗ ಒಂದು ಸಲ ಆರ್‌ಪಿಎಂ 4500 ದಾಟಿತು ಅಂತ ನಿದ್ದೆಗೆಡುವುದು ಬೇಕಿಲ್ಲ. ಆದರೆ ಕೆಲಸ ಪೂರ್ತಿ ಮುಗಿದಿರುವುದಿಲ್ಲ, ಅದಕ್ಕೇ ಕಂಪನಿಗಳು ಮ್ಯಾನ್ಯುಯಲ್‌ನಲ್ಲಿ ಈ ವಿಷಯಕ್ಕೆ ಇನ್ನೂ ಜಾಗ ಕೊಡುತ್ತವೆ.

ಟೊಯೊಟಾ ಮ್ಯಾನ್ಯುಯಲ್‌ಗಳಲ್ಲಿ ಮೊದಲ 1000 ಕಿಲೋಮೀಟರ್ ಅತಿವೇಗ ಬೇಡ, ಏಕಾಏಕಿ ಎಳೆಯುವುದು ಬೇಡ, ತುಂಬಾ ಹೊತ್ತು ಒಂದೇ ವೇಗದಲ್ಲಿ ಓಡಿಸುವುದೂ ಬೇಡ ಅಂತಿರುತ್ತದೆ. ಕೊನೆಯದನ್ನು ಗಮನಿಸಿ, ಜನ ಮರೆಯುವುದು ಅದನ್ನೇ. ಬಿಎಂಡಬ್ಲ್ಯು ತನ್ನ ಎಂ ಸರಣಿಯ ಕಾರುಗಳಿಗೆ 2000 ಕಿಲೋಮೀಟರ್‌ಗೇ ಒಂದು ವಿಶೇಷ ಸರ್ವಿಸ್ ಇಟ್ಟು ಎಂಜಿನ್ ಆಯಿಲ್ ಬದಲಿಸುತ್ತದೆ. ಹೋಂಡಾದ ಹಲವು ಮ್ಯಾನ್ಯುಯಲ್‌ಗಳು ಇದಕ್ಕೆ ಪೂರ್ತಿ ವಿರುದ್ಧ: ಮೊದಲ ಆಯಿಲನ್ನು ಸರ್ವಿಸ್ ದಿನ ಬರುವವರೆಗೆ ಬದಲಿಸಬೇಡಿ. ಎಂಜಿನ್ ಬೇರೆ, ಲೆಕ್ಕ ಬೇರೆ. ನಿಮ್ಮ ಕಾರಿನ ಮ್ಯಾನ್ಯುಯಲ್ ಒಂದು ಹೇಳಿ ನೆರೆಯವರು ಇನ್ನೊಂದು ಹೇಳಿದರೆ ನಾನಂತೂ ಮ್ಯಾನ್ಯುಯಲ್ ಪಕ್ಷ.

ಮೊದಲ ಸಲ ಇಳಿಸಿದ ಆಯಿಲನ್ನು ಒಂದು ಹನಿ ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದರೆ ಅದರಲ್ಲಿ ಮಿಂಚಿನ ಪುಡಿ ಬೆರೆಸಿದಂಥ ಹೊಳಪು ಕಾಣುವುದುಂಟು. ಗಾಬರಿ ಬೇಡ. ಸವೆದ ಏಣುಗಳ ಲೋಹದ ಪುಡಿ ಅದು. ದೊಡ್ಡ ಕಣಗಳನ್ನು ಫಿಲ್ಟರ್ ಹಿಡಿಯುತ್ತದೆ, ತೀರಾ ಸಣ್ಣವು ಆಯಿಲ್ ಜೊತೆ ಸುತ್ತುತ್ತಿರುತ್ತವೆ. ಬೆರಳಿಗೆ ಸಿಗುವಷ್ಟು ದಪ್ಪ ಚೂರುಗಳು ಬಂದರೆ ಮಾತ್ರ ಮೆಕ್ಯಾನಿಕ್‌ಗೆ ತೋರಿಸಿ. ಸಿಂಥೆಟಿಕ್ ಆಯಿಲ್ ಹಾಕಿದರೆ ರಿಂಗ್ ಕೂರುವುದೇ ಇಲ್ಲ ಅನ್ನುವ ಮಾತೂ ಓಡಾಡುತ್ತಿರುತ್ತದೆ. ಷೆವ್ರೊಲೆ ಕಾರ್ವೆಟ್ 1992ರಿಂದ ಕಾರ್ಖಾನೆಯಲ್ಲೇ ಸಿಂಥೆಟಿಕ್ ತುಂಬಿಸಿಕೊಂಡು ಬರುತ್ತಿದೆ. ಅದರ ರಿಂಗ್‌ಗಳು ಕೂತೇ ಕೂತಿವೆ.

ಎಂಜಿನ್ ಗಲಾಟೆಯಲ್ಲಿ ಬ್ರೇಕ್ ಮತ್ತು ಟೈರ್ ಮರೆತುಹೋಗುತ್ತವೆ. ಹೊಸ ಬ್ರೇಕ್ ಪ್ಯಾಡ್ ಡಿಸ್ಕ್‌ಗೆ ಪೂರ್ತಿ ಹೊಂದಿಕೊಳ್ಳಲು ಒಂದಿಷ್ಟು ದೂರ ಬೇಕು, ಅಲ್ಲಿಯವರೆಗೆ ಹಿಡಿತ ಸ್ವಲ್ಪ ಕಡಿಮೆ. ಹೊಸ ಟೈರಿನ ಮೈ ಕೂಡ ಅಚ್ಚಿನಿಂದ ಬಂದಾಗಿನ ನುಣುಪನ್ನು ಕಳೆದುಕೊಳ್ಳಬೇಕು. ನೇರವಾಗಿ ಹೇಳಬೇಕೆಂದರೆ ಮೊದಲ ಕೆಲವು ನೂರು ಕಿಲೋಮೀಟರ್ ಮುಂದಿನ ಗಾಡಿಯಿಂದ ದೂರ ಇರಬೇಕಾದ್ದು ರಿಂಗಿಗಾಗಿ ಅಲ್ಲ, ಇವುಗಳಿಗಾಗಿ. ಎಲೆಕ್ಟ್ರಿಕ್ ಕಾರಿನಲ್ಲಿ ರಿಂಗಿನ ರಗಳೆ ಇಲ್ಲದಿದ್ದರೂ ಈ ಎರಡು ಇದ್ದೇ ಇವೆ.

ಈ ಅವಧಿಯಲ್ಲಿ ಮಾಡಲೇಬೇಕಾದ ಒಂದು ಕೆಲಸಕ್ಕೆ ಎರಡೇ ನಿಮಿಷ ಸಾಕು. ಪ್ರತಿ ಸಲ ಇಂಧನ ತುಂಬಿಸುವ ಹೊತ್ತಿಗೆ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು, ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಅದ್ದಿ ನೋಡುವುದು. ರಿಂಗ್ ಕೂರುವವರೆಗೆ ಆಯಿಲ್ ಮಟ್ಟ ತುಸು ಇಳಿಯುವುದು ಸಹಜ. ಕಿಲೋಮೀಟರ್ ಮತ್ತು ಮಟ್ಟ ಎರಡನ್ನೂ ಒಂದು ಕಡೆ ಬರೆದಿಡಿ. ಇಳಿಯುವ ವೇಗ ದಿನಕಳೆದಂತೆ ಕಡಿಮೆಯಾಗುತ್ತಾ ಬಂದು ನಿಂತರೆ ರಿಂಗ್ ಕೂತಿದೆ. ಕೆಲವು ಸಾವಿರ ಕಿಲೋಮೀಟರ್ ಆದ ಮೇಲೂ ಒಂದೇ ಸಮ ಇಳಿಯುತ್ತಿದ್ದರೆ, ವಾರಂಟಿ ಇರುವಾಗಲೇ ಆ ಚೀಟಿ ಹಿಡಿದುಕೊಂಡು ಸರ್ವಿಸ್ ಸೆಂಟರ್‌ಗೆ ಹೋಗಿ.