ಆಟಿಸಂ ಮಕ್ಕಳ ಒಡನಾಟ: ದೂರು ಯಾರ ಮೇಲೆಲ್ಲ ಬಿತ್ತು

ಕಾರವಾರದ ಎಷ್ಟೋ ಮನೆಗಳಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಆಟಿಸಂ, ಅಂದರೆ ಮಾತು, ಒಡನಾಟ ಬೇರೆ ಥರ ಬೆಳೆಯುವ ಸ್ಥಿತಿ, ಇರುವ ಮಗು ಬೇಗ ಮಾತಾಡದಿದ್ದರೆ ‘ಎರಡು ಭಾಷೆ ಕಲಸಿ ಹೀಗಾಯ್ತು’ ಅನ್ನುತ್ತಾರೆ. ಹಾಗೇನೂ ಆಗುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಭಾಷೆ ಬಿಟ್ಟರೆ ದೂರು ತಾಯಿಯ ಮೇಲೆ. ಮೊಬೈಲ್ ಕೊಟ್ಟು ಕೂರಿಸಿದಳಂತೆ! ಈ ದೂರು ಇಂದು ನಿನ್ನೆಯದಲ್ಲ.

1943ರಲ್ಲಿ ಅಮೆರಿಕದ ವೈದ್ಯ ಲಿಯೊ ಕ್ಯಾನರ್ ಆಟಿಸಂ ಇರುವ 11 ಮಕ್ಕಳ ಬಗ್ಗೆ ಬರೆದರು. ಜನರೊಂದಿಗೆ ಬೆರೆಯುವ ಕಷ್ಟ ಹುಟ್ಟಿನಿಂದಲೇ ಬಂದದ್ದು ಎಂದರು. ಹೆತ್ತವರಲ್ಲಿ ಅಕ್ಕರೆ ಕಡಿಮೆ ಅಂತಲೂ ಸೇರಿಸಿದರು. ಜನ ಹಿಡಿದುಕೊಂಡದ್ದು ಎರಡನೆಯದನ್ನೇ. ತಾಯಿ ತಣ್ಣಗಿದ್ದುದಕ್ಕೇ ಮಗು ಹೀಗಾಯ್ತು ಎಂದು ‘ರೆಫ್ರಿಜರೇಟರ್ ತಾಯಿ’ ಎಂಬ ಹೆಸರೂ ಹುಟ್ಟಿತು. 1964ರಲ್ಲಿ ಅದನ್ನು ಅಲ್ಲಗಳೆದ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲ್ಯಾಂಡ್, 1979ರಲ್ಲಿ ಜೂಡಿತ್ ಗೌಲ್ಡ್ ಜೊತೆ ಲಂಡನ್‌ನಲ್ಲಿ ಅಧ್ಯಯನ ಮಾಡಿ ಆಟಿಸಂನ ವ್ಯಾಪ್ತಿ ಹಿಗ್ಗಿಸಿದ ಮನೋವೈದ್ಯೆ ಲೋರ್ನಾ ವಿಂಗ್, ಇಬ್ಬರ ಮನೆಯಲ್ಲೂ ಅಂಥ ಮಗು ಇತ್ತು. ಹತ್ತಿರದಿಂದ ನೋಡಿದವರಿಗೇ ಗೊತ್ತಾಗೋದು ಬಿಡಿ.

ಶಿರಸಿ ಕಡೆ ಮನೆಗೆ ಬಂದ ಹುಡುಗನಿಗೆ ‘ಆಸರಿಗೆ (ಕುಡಿಯಲು) ಎಂತ ಬೇಕು ತಮಾ?’ ಎಂದರೆ, ಆಟಿಸಂ ಇದ್ದವನು ‘ಎಂತ ಬೇಕು ತಮಾ’ ಎಂದೇ ತಿರುಗಿ ಹೇಳಬಹುದು. ಹಿಂದೆ ಇದನ್ನು ಬರೀ ಗಿಳಿಪಾಠ ಎಂದು ನಿಲ್ಲಿಸಲು ನೋಡುತ್ತಿದ್ದರು. 1980ರ ದಶಕದಲ್ಲಿ ಅಮೆರಿಕದ ವಾಕ್ ತಜ್ಞ ಬ್ಯಾರಿ ಪ್ರಿಜಾಂಟ್ ಮತ್ತಿತರರು ಕಿವಿಗೊಟ್ಟು ಕೇಳಿದರು. ಅದರಲ್ಲಿ ‘ಹೌದು’ ಇತ್ತು, ‘ಕೊಡಿ’ ಇತ್ತು, ‘ಈಗ ನನ್ನ ಸರದಿ’ ಇತ್ತು. ಕಂಡಕ್ಟರ್ ಥರ ‘ಕುಮಟಾ ಕುಮಟಾ’ ಎಂದು ಮನೆಯೊಳಗೆ ಕೂಗುವ ಹುಡುಗ, ಹೊರಗೆ ಹೋಗೋಣ ಅನ್ನುತ್ತಿರಬಹುದು, ಅಲ್ವಾ?

ಆದರೂ ಕಣ್ಣಲ್ಲಿ ಕಣ್ಣಿಟ್ಟು ನೋಡು, ನಮಸ್ಕಾರ ಹೇಳು ಎಂಬ ತರಬೇತಿಯೇ ಜಾಸ್ತಿ ನಡೆಯಿತು. ಎಲ್ಲ ತಿದ್ದಿಕೊಳ್ಳಬೇಕಾದದ್ದು ಮಗುವೇ. 2012ರಲ್ಲಿ ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ ಇದನ್ನು ಪ್ರಶ್ನಿಸಿದರು. ಅವರಿಗೇ ಆಟಿಸಂ ಇದೆ. ಆಟಿಸಂ ಇರುವವರಿಗೆ ಉಳಿದವರು ಅರ್ಥವಾಗದ ಹಾಗೆ, ಉಳಿದವರಿಗೂ ಆಟಿಸಂ ಇರುವವರು ಅರ್ಥವಾಗುವುದಿಲ್ಲ ಎಂಬುದು ಮಿಲ್ಟನ್ ವಾದ. 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ದೊಡ್ಡವರು ಒಬ್ಬರಿಂದೊಬ್ಬರಿಗೆ ಕಥೆ ದಾಟಿಸಿದರು. ಆಟಿಸಂ ಇರುವವರೇ ಕೂತ ಸಾಲು, ಇಲ್ಲದವರ ಸಾಲಿನಷ್ಟೇ ಚೆನ್ನಾಗಿ ದಾಟಿಸಿತು. ಇಬ್ಬರನ್ನೂ ಬೆರೆಸಿದ ಸಾಲಿನಲ್ಲಿ ಕಥೆ ಸೋರಿತು.

ನಮ್ಮಲ್ಲಿ 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಲ್ಲಿ ಹೆಸರು ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಸೇರಿತು. ಸರ್ಟಿಫಿಕೇಟ್‌ಗೆ ದಾರಿ ಆಯ್ತು, ಸರಿ. ಆದರೆ ಜೊಯಿಡಾದ ತಾಯಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಎಲ್ಲಿ, ಊರೆಲ್ಲಿ? ವಾರವಾರ ಥೆರಪಿಗೆ ಜಿಲ್ಲಾ ಕೇಂದ್ರಕ್ಕೆ ಹೋಗುವುದೆಂದರೂ ಒಂದು ದಿನದ ಕೂಲಿ ಹೋಯ್ತು. ಅಂಗನವಾಡಿ ಕಾರ್ಯಕರ್ತೆಗೆ, ಶಾಲೆಯ ಅಕ್ಕೋರಿಗೆ ಇದನ್ನು ಕಲಿಸಬೇಕು. ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಕಾಯುವುದು, ಮಾತಿನ ಜೊತೆ ಚಿತ್ರ ತೋರಿಸುವುದು, ಆಟದಲ್ಲಿ ಒಬ್ಬ ಗೆಳೆಯನನ್ನು ಜೊತೆ ಮಾಡುವುದು. ಇಷ್ಟಕ್ಕೆ ಘಟ್ಟ ಹತ್ತಿ ಇಳಿಯಬೇಕಿಲ್ಲ.